ಪಟ್ಟಿಯಲ್ಲಿರುವ ಹಕ್ಕಿ, ಪಟ್ಟಿಯ ಹೊರಗಿನ ವಿಷ

ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು, ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆ 1973ರದು. ರಕ್ಷಣೆ ಬೇಕಾದ ಜೀವಿಗಳನ್ನು ಎರಡೂ ಪಟ್ಟಿ ಮಾಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನಂಥವರು ಇವೆರಡನ್ನು ಹೋಲಿಸುವಾಗ ಇಲ್ಲಿನದನ್ನು ಹೊಗಳಿ, ಅಲ್ಲಿನದು ಕಡತದಲ್ಲಷ್ಟೇ ಇದೆಯೆಂದು ಮೂಗು ಮುರಿಯುವುದುಂಟು. ರಣಹದ್ದುಗಳ ವಿಷಯದಲ್ಲಿ ಆ ಮಾತು ಸಲ್ಲದು.

ಇಲ್ಲಿನ ಬೃಹತ್ ರಣಹದ್ದಾದ ಕಾಂಡೋರ್ 1987ರಲ್ಲಿ ಕೇವಲ 27 ಉಳಿದಿದ್ದವು. ಎಲ್ಲವನ್ನೂ ಹಿಡಿದು, ಸಾಕಿ, ಮರಿ ಮಾಡಿಸಿ 1992ರಿಂದ ಮತ್ತೆ ಬಯಲಿಗೆ ಬಿಡಲಾಯಿತು. ಆದರೆ ಬೇಟೆಗಾರನು ಜಿಂಕೆಯ ಕರುಳನ್ನು ಕಾಡಿನಲ್ಲೇ ಬಿಟ್ಟು ಹೋದಾಗ, ಅದರಲ್ಲಿ ಸಿಡಿದು ಸೇರಿರುವ ಗುಂಡಿನ ಸೀಸವು ಹಕ್ಕಿಯ ಹೊಟ್ಟೆ ಸೇರುವುದು ನಿಲ್ಲಲಿಲ್ಲ. ಬೇಟೆಯಲ್ಲಿ ಸೀಸದ ಗುಂಡಿಗೆ ಕ್ಯಾಲಿಫೋರ್ನಿಯಾದಲ್ಲಿ ಪೂರ್ಣ ನಿಷೇಧ ಬಂದದ್ದು 2019ರಲ್ಲಿ. ಇಂದಿಗೂ ಈ ಹಕ್ಕಿಗಳನ್ನು ಹಿಡಿದು ರಕ್ತ ಪರೀಕ್ಷಿಸಿ, ಸೀಸ ಏರಿದ್ದರೆ ಚಿಕಿತ್ಸೆ ಕೊಡುತ್ತಾರೆ.

ಭಾರತದ ರಣಹದ್ದುಗಳನ್ನು ಕೊಂದದ್ದು ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫೆನ್ಯಾಕ್. ಆ ಔಷಧವಿದ್ದ ಕಳೇಬರವನ್ನು ತಿಂದ ಹಕ್ಕಿಯ ಮೂತ್ರಪಿಂಡ ಕೆಟ್ಟು, ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಯೂರಿಕ್ ಆಮ್ಲ ಕಟ್ಟುತ್ತದೆ. ಈ ಕಾರಣ 2004ರಲ್ಲಿ ಪ್ರಕಟವಾಯಿತು. 2006ರಲ್ಲೇ ಭಾರತವು ಅದರ ಪಶುಬಳಕೆಯನ್ನು ನಿಷೇಧಿಸಿತು. ಇಷ್ಟು ಚುರುಕು ಅಮೆರಿಕಕ್ಕೆ ಸಾಧ್ಯವಾಗಲಿಲ್ಲ.

ಭಾರತ ಎಡವಿದ್ದು ಆಮೇಲೆ. ಮನುಷ್ಯರಿಗೆಂದು ತಯಾರಾದ ಡೈಕ್ಲೋಫೆನ್ಯಾಕ್ ಚುಚ್ಚುಮದ್ದಿನ ದೊಡ್ಡ ಸೀಸೆಗಳು ದನಗಳಿಗೇ ಬಳಕೆಯಾಗುತ್ತಿದ್ದವು. ಅವುಗಳ ಗಾತ್ರವನ್ನು 3 ಮಿಲಿಲೀಟರಿಗೆ ಇಳಿಸಲು 2015 ಆಗಬೇಕಾಯಿತು. ಅಷ್ಟೇ ಅಪಾಯಕಾರಿಯಾದ ಬೇರೆ ನೋವುನಿವಾರಕಗಳಾದ ಕೀಟೊಪ್ರೊಫೆನ್, ಅಸಿಕ್ಲೋಫೆನ್ಯಾಕ್‌ಗಳ ಪಶುಬಳಕೆಗೆ ನಿಷೇಧ ಬಂದದ್ದು 2023ರಲ್ಲಿ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಎಂಬ ನೋವುನಿವಾರಕ ಇದೆಯೆಂದು ಗೊತ್ತಿದ್ದರೂ, ಅದನ್ನು ಹಟ್ಟಿಯ ಬಾಗಿಲಿಗೆ ಮುಟ್ಟಿಸುವ ಖರ್ಚನ್ನು ವನ್ಯಜೀವಿ ಸಂರಕ್ಷಣೆಯ ಖರ್ಚೆಂದು ಸರ್ಕಾರ ಭಾವಿಸಲಿಲ್ಲ. ಇಲ್ಲಿ ಪಕ್ಕದ ಅರಿಝೋನಾ ರಾಜ್ಯವು ನಿಷೇಧದ ಗೊಡವೆಗೇ ಹೋಗದೆ, 2005ರಿಂದ ಕಾಂಡೋರ್ ಇರುವ ಕಡೆಯ ಬೇಟೆಗಾರರಿಗೆ ಸೀಸವಿಲ್ಲದ ಗುಂಡನ್ನು ಉಚಿತವಾಗಿ ಕೊಡುತ್ತಿದೆ. ನನಗೆ ಮೆಚ್ಚುಗೆಯಾದದ್ದು ಈ ಬುದ್ಧಿ. ಹಣದ ಮೂಲಕ್ಕೂ ಇಲ್ಲಿ ಒಂದು ಭದ್ರತೆಯಿದೆ: 1937ರ ಕಾಯ್ದೆಯಂತೆ ಗುಂಡುಗಳ ಮೇಲಿನ ಶೇ 11ರ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆಂದೇ ಮೀಸಲು. (ವಿಷವೇ ತೆರಿಗೆ ಕಟ್ಟುವ ಈ ಏರ್ಪಾಡಿನ ವ್ಯಂಗ್ಯ ಬೇರೆ ಮಾತು.)

ಭಾರತದಲ್ಲೂ ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಪಡೆದವರಿಂದ ಸಂಗ್ರಹಿಸುವ ಕ್ಯಾಂಪಾ ನಿಧಿಯಿದೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತಾದರೂ, ಹದ್ದು ಮೇವು ಹುಡುಕಿ ಹಾರುವುದು ಧಾಮದ ಗಡಿಯಾಚೆಗೆ. ಆ ಸುತ್ತಿನ ಪಶುವೈದ್ಯ ಆಸ್ಪತ್ರೆಗಳಲ್ಲಿ ಮೆಲಾಕ್ಸಿಕ್ಯಾಮ್ ಎಂದೂ ಮುಗಿಯದಂತೆ ದಾಸ್ತಾನು ಇಡಲು ಆ ನಿಧಿಯ ಒಂದು ಸಣ್ಣ ಪಾಲನ್ನು ಕೊಡಬೇಕು. ಅದಕ್ಕೆ ನಿಯಮ ಅಡ್ಡಿಯಾದರೆ ನಿಯಮವನ್ನೇ ತಿದ್ದಲಿ.