ಸತ್ಯಾಂಶ: ‘ಹೈ ಪ್ರಯಾರಿಟಿ’ ಕೊಟ್ಟರೆ ನೆಟ್ ವೇಗ ಹೆಚ್ಚುವುದಿಲ್ಲ

ಮನೆಯ ಕರೆಂಟ್ ವೈರಿನ ಮೂಲಕವೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್‌ನಲ್ಲಿ ಎಲ್ಲ ಸಾಧನಗಳಿಗೂ ‘ಹೈ ಪ್ರಯಾರಿಟಿ’ (ಹೆಚ್ಚಿನ ಆದ್ಯತೆ) ಕೊಟ್ಟರೆ ಇಂಟರ್ನೆಟ್ ವೇಗ ಎರಡು ಪಟ್ಟಾಗುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ನಿಜವಲ್ಲ.

ಈ ಅಡಾಪ್ಟರ್‌ಗಳೆಲ್ಲ ಮನೆಯ ಒಂದೇ ಕರೆಂಟ್ ವೈರಿಂಗನ್ನು ಹಂಚಿಕೊಂಡು, ಸರದಿಯ ಮೇಲೆ ಡೇಟಾ ಕಳಿಸುತ್ತವೆ. ಇಂಥ ಅಡಾಪ್ಟರ್‌ಗಳ ಒಂದು ತಾಂತ್ರಿಕ ಮಾನದಂಡವಾದ ‘ಹೋಮ್‌ಪ್ಲಗ್ ಎವಿ’ಯಲ್ಲಿ ಆದ್ಯತೆಗೆ 4 ಹಂತಗಳಿವೆ. ಎರಡು ಅಡಾಪ್ಟರ್‌ಗಳು ಒಟ್ಟಿಗೆ ಕಳಿಸಲು ಹೊರಟಾಗ ಮೇಲಿನ ಹಂತದ್ದು ಮೊದಲು ಹೋಗುತ್ತದೆ, ಅಷ್ಟೇ. ವೈರಿನ ಸಾಮರ್ಥ್ಯ ಒಂದಿಷ್ಟೂ ಜಾಸ್ತಿಯಾಗುವುದಿಲ್ಲ. ಎಲ್ಲದಕ್ಕೂ ‘ಹೈ’ ಕೊಟ್ಟರೆ ಮತ್ತೆ ಎಲ್ಲವೂ ಸಮವೇ ಅಲ್ವಾ? ವಿಡಿಯೊ ಕಾಲ್ ಮಾಡುವ ಕಂಪ್ಯೂಟರ್‌ಗೆ ಮೇಲಿನ ಹಂತ ಕೊಡಿ, ಬ್ಯಾಕಪ್, ದೊಡ್ಡ ಡೌನ್‌ಲೋಡ್‌ಗಳು ಕೆಳಗಿರಲಿ. ಆಗ ಮಾತು ತುಂಡಾಗುವುದು ಕಡಿಮೆಯಾಗಬಹುದು.

ವೇಗವೇ ಸಾಲದಿದ್ದರೆ ಅಡಾಪ್ಟರನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ವೋಲ್ಟೇಜ್ ದಿಢೀರ್ ಏರಿದಾಗ ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಅದರ ಸಿಗ್ನಲನ್ನು ತಡೆಯುವ ಸಾಧ್ಯತೆ ಹೆಚ್ಚು.