ಲ್ಯಾವೆಂಡರು, ಸೊಗಡು, ನನ್ನ ತಮ್ಮ

ಹೋದ ವಾರ ತಮ್ಮ ಬೆಂಗಳೂರಿಂದ ಬರುವಾಗ ನನ್ನ ಹುಟ್ಟುಹಬ್ಬಕ್ಕೆ ಅಂತ ಒಂದು ಸೆಂಟ್ ಬಾಟ್ಲು ತಂದಿದ್ದ. ನೇರಳೆ ಡಬ್ಬಿ, ಒಳಗೆ ಮಖಮಲ್ಲು, ಕಮ್ಮಿ ಬೆಲೆಯದೇನಲ್ಲ. "ಅಕ್ಕಾ, ಲ್ಯಾವೆಂಡರ್. ಹಾಕ್ಕೊಂಡ್ರೆ ಟೆನ್ಷನ್ನೇ ಇರಲ್ವಂತೆ, ಅಂಗಡಿ ಹುಡುಗಿ ಹೇಳಿದ್ಲು" ಅಂದ. ಮುಂಗೈಗೆ ಒಂದು ಸಲ ಒತ್ತಿಕೊಂಡು ಮೂಗಿನ ಹತ್ತಿರ ತಂದೆ. ಹೊಟ್ಟೆ ತೊಳಸಿಬಂತು. ನಗುನಗುತ್ತಲೇ "ಚೆನ್ನಾಗೈತೆ ಕಣೋ" ಅಂದು ಬಚ್ಚಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದೆ.

2022ರಲ್ಲಿ ಅಪ್ಪ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ರಾತ್ರಿ ಪಾಳಿ ತಮ್ಮನದು, ಬೆಳಗಿನದು ನನ್ನದು. ಐದೂಮುಕ್ಕಾಲಿಗೆ ನಾನು ಹೋಗುತ್ತಿದ್ದೆ, ಅವನು ಕಣ್ಣುಜ್ಜಿಕೊಂಡು ಹೊರಡುತ್ತಿದ್ದ. ಆರು ಗಂಟೆಗೆ ಒಬ್ಬಾಕೆ ಬಕೆಟ್ ಎಳೆದುಕೊಂಡು ಬರುತ್ತಿದ್ದಳು. ಆ ನೀರಿಗೆ ನೇರಳೆ ಬಣ್ಣದ ದ್ರಾವಣ ಒಂದು ಮುಚ್ಚಳ ಸುರಿದು, ಮಂಚದ ಕೆಳಗೆ ಕೋಲು ತೂರಿಸಿ ಒರೆಸುವಾಗ ವಾರ್ಡಿಗೆ ವಾರ್ಡೇ ಲ್ಯಾವೆಂಡರು. ಡಾಕ್ಟರು ಏನು ಹೇಳುತ್ತಾರೋ ಅಂತ ಬಾಗಿಲು ನೋಡಿಕೊಂಡು ಕೂತ ಹನ್ನೊಂದು ಬೆಳಗು ಆ ವಾಸನೆಯಲ್ಲೇ ಹೋಯಿತು. ಆಸ್ಪತ್ರೆಯವರದೇನೂ ತಪ್ಪಿಲ್ಲ, ನೆಲ ಚೊಕ್ಕಟವಾಗೇ ಇಟ್ಟಿದ್ದರು.

ಅದಕ್ಕೇ ಡಬ್ಬಿ ಮೇಲೆ "ಶಾಂತಿ", "ಉಲ್ಲಾಸ", "ಆತ್ಮವಿಶ್ವಾಸ" ಅಂತ ಅಚ್ಚು ಹಾಕಿ ಮಾರುವುದು ಕಂಡರೆ ನನಗೆ ರೇಗುತ್ತದೆ. ಲ್ಯಾವೆಂಡರಿನಲ್ಲಿರುವ ಲಿನಲೂಲ್ ಮೂಸಿದ ಇಲಿಗಳ ಕಳವಳ ಕಡಿಮೆಯಾದದ್ದನ್ನು ಜಪಾನಿನ ವಿಜ್ಞಾನಿಗಳು 2018ರಲ್ಲಿ ತೋರಿಸಿದ್ದಾರೆ, ಒಪ್ಪಿದೆ. ಆ ಇಲಿಗಳ ಅಪ್ಪ ಯಾರೂ ವಾರ್ಡಿನಲ್ಲಿ ಮಲಗಿರಲಿಲ್ಲ.

ಮೂಗಿನ ದಾರಿಯೇ ಬೇರೆ. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಿದುಳಿನಲ್ಲಿ ಮೊದಲು ಥಲಾಮಸ್ ಅನ್ನೋ ಪಡಸಾಲೆಯಲ್ಲಿ ನಿಂತು ಆಮೇಲೆ ಒಳಗೆ ಹೋಗಬೇಕು. ವಾಸನೆ ಹಾಗಲ್ಲ, ಹಿತ್ತಲ ಬಾಗಿಲಿಂದ ನುಗ್ಗುತ್ತದೆ. ಭಯ, ಪ್ರೀತಿ ಏಳುವ ಅಮಿಗ್ಡಲಾ, ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಎರಡೂ ಅಲ್ಲೇ ಪಕ್ಕದಲ್ಲಿ. ಹಾಗಾಗಿ "ಇದೇನು ವಾಸನೆ?" ಅಂತ ಹೆಸರು ಹೊಳೆಯೋ ಮೊದಲೇ ಹೊಟ್ಟೆ ತೊಳಸಿರುತ್ತದೆ, ಇಲ್ಲಾ ಕಣ್ಣು ತುಂಬಿರುತ್ತದೆ.

ನೋವಿಗೆ ಹಚ್ಚುವ ಮುಲಾಮಿನ ಘಾಟು ತಗೊಳ್ಳಿ, ಗಂಧಪುರ ಎಣ್ಣೆಯದು. ನನಗೆ ಅದು ಅಜ್ಜಿಯ ಕಂಬಳಿ. ಪಕ್ಕದಲ್ಲಿ ಮುದುರಿಕೊಂಡು ಮಲಗಿದರೆ ಮಂಡಿಯಿಂದ ಬರುತ್ತಿದ್ದ ಆ ವಾಸನೆಗೆ ಈಗಲೂ ನಿದ್ದೆ ಬರುತ್ತದೆ. ಅಮೆರಿಕದವರಿಗೆ ಅದೇ ವಾಸನೆ ಮಿಠಾಯಿ, ಚ್ಯೂಯಿಂಗ್ ಗಮ್ಮಿನದು, ಬಾಯಲ್ಲಿ ನೀರೂರುತ್ತದೆ. ಬ್ರಿಟನ್ನಿನವರಿಗೆ ಔಷಧಿ ನೆನಪಾಗಿ ಮೂಗು ಮುರಿಯುತ್ತಾರೆ. ಎಣ್ಣೆ ಒಂದೇ.

ಇನ್ನು ಸೊಗಡು. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರು "ಗ್ರಾಮೀಣ ಸೊಗಡು" ಅಂತ ಭಾಷಣದಲ್ಲಿ ಬಳಸುತ್ತಾರೆ, ನಮಗೆ ಅದು ಅವರೆಕಾಯಿಯದು. ಅಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ ಹಾಕುತ್ತಿದ್ದರು. ರಾಗಿ ಕೊಯ್ಲಾದ ಮೇಲೆ, ಮಾಗಿ ಚಳಿಯಲ್ಲಿ, ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಏರುತ್ತದೆ. ಸಿಪ್ಪೆ ಮುಟ್ಟಿದರೆ ಎಣ್ಣೆ ಸವರಿದ ಹಾಗೆ ಜಿಗುಟು. ಒಂದು ಮೊರ ಸುಲಿಯುವಷ್ಟರಲ್ಲಿ ಬೆರಳ ತುದಿ ಕಪ್ಪಾಗಿ, ಹಸಿರು ಘಾಟು, ಸ್ವಲ್ಪ ಮೇಣದಂಥದ್ದು, ಸ್ವಲ್ಪ ಕೊತ್ತಂಬರಿಯಂಥದ್ದು ಉಗುರ ಸಂದಿಯಲ್ಲಿ ಕೂರುತ್ತದೆ. ಸೋಪಿಗೂ ಹೋಗಲ್ಲ. ಬಜಾರ್ ರಸ್ತೆಯಲ್ಲಿ ಈಗಲೂ ನೋಡಿ, ನಮ್ಮ ಹೆಂಗಸರು ರೇಟು ಕೇಳೋ ಮೊದಲು ಒಂದು ಕಾಯಿ ಎತ್ತಿ ಮೂಸುತ್ತಾರೆ. ಸೊಗಡಿಲ್ಲದಿದ್ದರೆ "ಇದು ನೀರು ಕಟ್ಟಿದ ಕಾಯಿ" ಅಂತ ಅಲ್ಲೇ ಹಾಕಿ ಮುಂದಿನ ರಾಶಿಗೆ ಹೋಗುತ್ತಾರೆ.

ಸ್ಕೂಲಲ್ಲಿ ಇದೇ ನನಗೆ ನಾಚಿಕೆ. ನೋಟ್ಸು ಕೊಟ್ಟರೆ ಪುಸ್ತಕದಿಂದಲೂ ಅವರೆಕಾಯಿ ನಾತ ಅಂತ ಟೌನ್ ಹುಡುಗಿಯರು ನಗೋರು. ಆ ನಾಚಿಕೆಗೇ ಮೊದಲ ಸಲ ಸೆಂಟು ಹಾಕಿಕೊಂಡಿದ್ದು, ಜಾತ್ರೆಯಲ್ಲಿ ಕೊಂಡ ಗುಲಾಬಿ ಬಣ್ಣದ ಶೀಷೆ. ಅವರೆಕಾಯಿ ಹೋಗಲಿಲ್ಲ, ಅದರ ಮೇಲೆ ಗುಲಾಬಿ ಕೂತಿತು. ಎರಡೂ ಸೇರಿ ಎಂಥ ನಾತ ಅಂತೀರಿ!

ಮೂವತ್ತು ವರ್ಷ ಆದ ಮೇಲೆ ಬೆಂಗಳೂರಿನ ಮಾಲೊಂದರಲ್ಲಿ ಶನೆಲ್ ನಂಬರ್ 5 ಮೂಸಿದೆ. 1921ರಲ್ಲಿ ಅರ್ನೆಸ್ಟ್ ಬೋ ಅನ್ನುವವರು ಮಾಡಿದ್ದು, ಆಲ್ಡಿಹೈಡ್ ಅನ್ನೋ ರಾಸಾಯನಿಕಗಳನ್ನು ಧಾರಾಳವಾಗಿ ಹಾಕಿದ್ದಕ್ಕೇ ಹೆಸರುವಾಸಿ. ಕಾಗದದ ಪಟ್ಟಿ ಮೂಗಿಗೆ ಹಿಡಿದೆ. ಮಲ್ಲಿಗೆ, ಗುಲಾಬಿ ಆಮೇಲೆ. ಮೊದಲು ಬಂದದ್ದು ಆ ಮೇಣದಂಥ, ಎಣ್ಣೆಯಂಥ ಘಾಟು. ನಿಂತಲ್ಲೇ ನಮ್ಮ ಜಗಲಿ, ಮೊರ, ಅಮ್ಮನ ಕಪ್ಪು ಬೆರಳು. ಅಂಗಡಿಯವಳಿಗೆ "ಸೊಗಡು ಅವರೆಕಾಯಿ" ಅಂದೆ. "ಸಾರಿ ಮ್ಯಾಮ್?" ಅಂದಳು. ಬೆಲೆ ಕೇಳಿ ನಾನೇ ಸಾರಿ ಅಂದೆ.

ಇನ್ನೊಬ್ಬರಿಗೆ ಅಲ್ಲಿ ಅವರೆಕಾಯಿ ಕಾಣಿಸದೇ ಇರಬಹುದು, ಮೂಗೇ ಬೇರೆ ಬೇರೆ. ಮನುಷ್ಯರಿಗೆ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಇಂಥ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಇಬ್ಬರಿಗೂ 2004ರ ನೊಬೆಲ್ ಸಿಕ್ಕಿತು. ಒಬ್ಬರ ಗ್ರಾಹಕಗಳ ಪಟ್ಟಿ ಇನ್ನೊಬ್ಬರದರ ಹಾಗಿರಲ್ಲ. ಆಂಡ್ರೋಸ್ಟೆನೋನ್ ಅನ್ನೋ ಒಂದು ವಸ್ತು ಕೆಲವರಿಗೆ ಉಚ್ಚೆ ನಾತ, ಕೆಲವರಿಗೆ ವೆನಿಲ್ಲಾ ಥರ ಸಿಹಿ, ಕೆಲವರಿಗೆ ಏನೂ ಇಲ್ಲ. ಗಂಡ ಹೆಂಡತಿ ಅಂಗಡಿಯಲ್ಲಿ ಜಗಳ ಆಡುವ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳಬಹುದು.

ಶ್ರೀಗಂಧವೂ ಅಷ್ಟೇ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಕಳಿಸೋದು ನಿಂತು, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಸೋಪು ಬಂದದ್ದು 1918ರಲ್ಲಿ. ನಮ್ಮನೆಯಲ್ಲಿ ಆ ಸೋಪಿನ ಕವರು ಬಿಚ್ಚುತ್ತಿದ್ದದ್ದು ನೆಂಟರು ಬಂದಾಗ ಮಾತ್ರ. ಹಾಗಾಗಿ ಗಂಧ ಅಂದರೆ ನನಗೆ ಈಗಲೂ ಒಬ್ಬಟ್ಟು, ಹೊಸ ಟವಲು, ಚಿಕ್ಕಮ್ಮನ ನಗು. ನನ್ನ ಮಗಳಿಗೆ "ತಾತಂದಿರ ವಾಸನೆ".

ಕೊಳ್ಳುವವರಿಗೆ ನನ್ನ ಕಡೆಯಿಂದ ಹೇಳೋದು ಇಷ್ಟೇ: ಕಾಗದದ ಪಟ್ಟಿ ನಂಬಬೇಡಿ, ಕೈಗೆ ಹಚ್ಚಿಕೊಂಡು ಹೊರಗೆ ಬಂದು ಒಂದು ಕಾಫಿ ಕುಡಿಯಿರಿ. ಮೊದಲು ಹಾರಿಹೋಗೋದು ನಿಂಬೆ, ಕಿತ್ತಳೆ ಜಾತಿ. ಆಮೇಲೆ ಹೂವು. ಗಂಧ, ಮರದ ಅಂಟಿನಂಥ ಭಾರದವು ಕೊನೆವರೆಗೂ ಇರುತ್ತವೆ. ಸಂಜೆ ನಿಮ್ಮ ಜೊತೆ ಮನೆಗೆ ಬರೋದು ಈ ಕೊನೆಯದು, ಅಂಗಡಿಯಲ್ಲಿ ಮೋಡಿ ಮಾಡಿದ್ದು ಅಲ್ಲ. ಇನ್ನೊಂದು, ನಿಮ್ಮ ಸೆಂಟು ನಿಮಗೆ ಬೇಗ ಗೊತ್ತಾಗದ ಹಾಗೆ ಆಗುತ್ತದೆ. ಶಿಡ್ಲಘಟ್ಟದಲ್ಲಿ ಬಸ್ಸಿಳಿದ ಹೊಸಬರು ರೇಷ್ಮೆಗೂಡು ಬೇಯಿಸುವ ವಾಸನೆಗೆ ಮೂಗು ಮುಚ್ಚಿಕೊಂಡರೆ, ಅಲ್ಲಿನವರು "ಯಾವ ವಾಸನೆ?" ಅಂತ ಕೇಳುತ್ತಾರಲ್ಲ, ಹಾಗೆ. ನಿಮಗೆ ಬರ್ತಿಲ್ಲ ಅಂತ ಮತ್ತೆ ಮತ್ತೆ ಹೊಡೆದುಕೊಂಡರೆ ಪಕ್ಕದವರ ಗತಿ ಏನು?

ಹೇಳೋಕೆ ನಾನ್ಯಾರು, ನಂದೂ ಅದೇ ಚಾಳಿ. ಮೂರು ವರ್ಷದಿಂದ ಹಾಕಿಕೊಳ್ಳುತ್ತಿರೋದು ಒಂದೇ, ಕಿತ್ತಳೆ ಸಿಪ್ಪೆ ಹಿಂಡಿದ ಹಾಗಿರುವ ತೆಳು ಸೆಂಟು. ನಮ್ಮ ಬಿಸಿಲಿಗೆ ಒಂದು ಗಂಟೆಯೂ ನಿಲ್ಲಲ್ಲ, ಅದಕ್ಕೇ ಬ್ಯಾಗಲ್ಲಿ ಇಟ್ಟುಕೊಂಡು ಆಗಾಗ ಒತ್ತಿಕೊಳ್ಳುತ್ತೇನೆ.

ಮೊನ್ನೆ ಮನಸ್ಸು ತಡೆಯದೆ ತಮ್ಮನಿಗೆ ಫೋನ್ ಮಾಡಿ ಲ್ಯಾವೆಂಡರಿನ ವಿಷಯ ಹೇಳಿಬಿಟ್ಟೆ. ಬೇಜಾರು ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ. "ಹೌದಾ? ನೆಲ ಒರೆಸ್ತಿದ್ದಿದ್ದು ನಾನು ನೋಡೇ ಇಲ್ವಲ್ಲಕ್ಕಾ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ರಾತ್ರಿ ನಿದ್ದೆ ಬರದೆ ಅಪ್ಪ ಒದ್ದಾಡುವಾಗ ಮೋಸಂಬಿ ಸುಲಿದು ತೊಳೆ ತೊಳೆ ಬಾಯಿಗಿಡುತ್ತಿದ್ದನಂತೆ. ಕೊನೆಯ ಎರಡು ರಾತ್ರಿ ಅದನ್ನೂ ನುಂಗಲಿಲ್ಲವಂತೆ. "ಈಗ ಜ್ಯೂಸ್ ಅಂಗಡಿ ಮುಂದೆ ಹೋಗೋಕಾಗಲ್ಲ ಕಣಕ್ಕಾ, ಆ ಸಿಪ್ಪೆ ವಾಸನೆಗೆ ರಸ್ತೆ ದಾಟಿಬಿಡ್ತೀನಿ."

ಈ ಮೂರು ವರ್ಷದಲ್ಲಿ ಯುಗಾದಿಗೆ, ಗೌರಿಹಬ್ಬಕ್ಕೆ, ಅಪ್ಪನ ತಿಥಿಗೆ, ಪ್ರತಿ ಸಲವೂ ನಾನು ಅವನ ಪಕ್ಕದಲ್ಲೇ ಊಟಕ್ಕೆ ಕೂತಿದ್ದೀನಿ.