ಅತ್ತೆಯ ಚೀಪೋ ಮಾತ್ರೆ

ಊರಿಂದ ಬಂದ ನಮ್ಮ ಸೋದರತ್ತೆಯ ಕೈಚೀಲದಲ್ಲಿ ಎಲೆಅಡಿಕೆ ಡಬ್ಬಿ, ಅದರ ಪಕ್ಕದಲ್ಲೇ ವಿಟಮಿನ್ ಸಿ ಮಾತ್ರೆಯ ನಾಲ್ಕು ಸ್ಟ್ರಿಪ್. ಕೊರೊನಾ ಕಾಲದಲ್ಲಿ ಹತ್ತಿದ ಚಟ, ಇನ್ನೂ ಬಿಟ್ಟಿಲ್ಲ. 500 ಮಿಲಿಗ್ರಾಂ, ದಿನಕ್ಕೆರಡು. "ಆಂಟಿಆಕ್ಸಿಡೆಂಟ್ ಕಣೋ, ಬಿಳಿ ರಕ್ತಕಣಕ್ಕೆ ಬಲ ಬರುತ್ತೆ, ನೀನೂ ಒಂದು ಬಾಯಿಗೆ ಹಾಕ್ಕೋ" ಅಂದರು.

ಇದರಲ್ಲಿ ಅರ್ಧ ನಿಜ. ನನ್ನ ತಕರಾರು ಇರೋದು ಉಳಿದರ್ಧದ ಮೇಲೆ.

ಆಕ್ಸಿಡೆಂಟ್ ಅಂದರೆ ತಾಗಿದ್ದನ್ನು ಸುಟ್ಟು ಕೆಡಿಸೋ ರಾಸಾಯನಿಕ, ಅದನ್ನು ತಡೆಯೋದು ಆಂಟಿಆಕ್ಸಿಡೆಂಟ್. ಮೊದಲನೆಯದು ವಿಷ, ಎರಡನೆಯದು ಮದ್ದು ಅಂತ ಜಾಹೀರಾತುಗಳು ನಮ್ಮ ತಲೆಗೆ ತುಂಬಿಬಿಟ್ಟಿವೆ. ಆದರೆ ಬಿಳಿ ರಕ್ತಕಣದ ಆಯುಧವೇ ಆಕ್ಸಿಡೆಂಟ್! ನ್ಯೂಟ್ರೋಫಿಲ್ ಅನ್ನೋ ಕಣ ಬ್ಯಾಕ್ಟೀರಿಯಾವನ್ನು ನುಂಗಿದ ಮೇಲೆ ಒಳಗೇ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ, ಅದರಿಂದ ಬ್ಲೀಚಿನಂಥ ಹೈಪೋಕ್ಲೋರಸ್ ಆಮ್ಲ ಮಾಡಿ ಸುಡುತ್ತದೆ. ಹುಟ್ಟಿನಿಂದಲೇ ಈ ಶಕ್ತಿ ಇಲ್ಲದ ಕೆಲವು ಮಕ್ಕಳಿದ್ದಾರೆ, ಅವರಿಗೆ ಮೇಲಿಂದ ಮೇಲೆ ಸೋಂಕು.

ಹಾಗಾದರೆ ವಿಟಮಿನ್ ಸಿಗೆ ಅಲ್ಲೇನು ಕೆಲಸ? ಇದೆ. ರಕ್ತದ ನೀರಿನಲ್ಲಿ ಇರೋದಕ್ಕಿಂತ 50 ಪಟ್ಟಿಗೂ ಜಾಸ್ತಿ ವಿಟಮಿನ್ ಸಿಯನ್ನು ನ್ಯೂಟ್ರೋಫಿಲ್ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಒಲೆ ಮೇಲಿನ ಪಾತ್ರೆ ಇಳಿಸೋಕೆ ಮಸಿಬಟ್ಟೆ ಹಿಡಿಯುತ್ತೇವಲ್ಲ, ಹಾಗೆ. ಉರಿ ಆರಿಸೋಕಲ್ಲ, ಕೈ ಸುಡಬಾರದು ಅಂತ; ತಾನೇ ಮಾಡಿದ ಆಕ್ಸಿಡೆಂಟ್ ತನ್ನನ್ನೇ ಸುಡದಿರಲಿ ಅಂತ.

ಆದರೆ ಒಲೆ ಒಂದೇ, ಹತ್ತು ಮಸಿಬಟ್ಟೆ ತಂದು ಏನು ಮಾಡೋದು? ದಿನಕ್ಕೆ 200 ಮಿಲಿಗ್ರಾಂ ಹೊತ್ತಿಗೆ ರಕ್ತದ ಮಟ್ಟ ಹೆಚ್ಚುಕಡಿಮೆ ತುಂಬಿಬಿಡುತ್ತದೆ, ಮಿಕ್ಕಿದ್ದು ಬಹುಪಾಲು ಬಚ್ಚಲಿಗೆ. ದಿನಾ ಮಾತ್ರೆ ನುಂಗಿದ ಸಾಮಾನ್ಯ ಜನರಿಗೆ ನೆಗಡಿ ಬರೋದು ಕಮ್ಮಿಯೇನೂ ಆಗಲಿಲ್ಲ, ಬಂದ ನೆಗಡಿ ದೊಡ್ಡವರಲ್ಲಿ ಸುಮಾರು 8 ಪರ್ಸೆಂಟ್ ಬೇಗ ವಾಸಿಯಾಯಿತು ಅಂತ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ 2013ರ ಕೋಕ್ರೇನ್ ವಿಮರ್ಶೆ ಹೇಳಿತು. ಮ್ಯಾರಥಾನ್ ಓಡುವವರು, ಕೊರೆಯುವ ಚಳಿಯಲ್ಲಿ ದುಡಿಯುವ ಸೈನಿಕರಿಗೆ ಮಾತ್ರ ಲಾಭ ಜಾಸ್ತಿ ಕಂಡಿತ್ತು. ನಮ್ಮತ್ತೆ ಓಡೋದು ಧಾರಾವಾಹಿ ಶುರುವಾದಾಗ ಮಾತ್ರ.

ಎಲ್ಲ ಮಾತ್ರೆಯೂ ದಂಡ ಅಂತ ನಾನು ಹೇಳುತ್ತಿಲ್ಲ. 65 ದಾಟಿದವರಿಗೆ ಇನ್ನೊಂದು ಆಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಕೊಟ್ಟಾಗ ಹೆಪಟೈಟಿಸ್ ಬಿ ಲಸಿಕೆಗೆ ದೇಹ ಚೆನ್ನಾಗಿ ಸ್ಪಂದಿಸಿದ್ದು 1997ರ ಒಂದು ಪ್ರಯೋಗದಲ್ಲಿ ಕಂಡಿದೆ. ಹಾಗಂತ ಇವೆಲ್ಲ ನಿರುಪದ್ರವಿಗಳೂ ಅಲ್ಲ. ಫಿನ್ಲೆಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಸಿಗರೇಟು ಸೇದುವವರು, ಒಂದು ಪ್ರಯೋಗ ನಡೆಯಿತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಅನ್ನು ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪರ್ಸೆಂಟ್ ಜಾಸ್ತಿ ಆಗಿದ್ದು 1994ರಲ್ಲಿ ಗೊತ್ತಾಯಿತು. ಅದೂ ಆಂಟಿಆಕ್ಸಿಡೆಂಟೇ, ಅಲ್ವಾ?

ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ವಿಟಮಿನ್ ಸಿ ಸಾಕು ಅತ್ತೆ, ನಿಮ್ಮ ಹಿತ್ತಲಿನ ಒಂದು ಸೀಬೆಹಣ್ಣಲ್ಲಿ ಅಷ್ಟು ಇದೆ ಅಂದೆ. "ಹಣ್ಣೆಲ್ಲ ಅಳಿಲಿನ ಪಾಲು, ಅದಕ್ಕೆ ಹೋಗಿ ಹೇಳು ನಿನ್ನ ಲೆಕ್ಕ" ಅಂತ ಇನ್ನೊಂದು ಮಾತ್ರೆ ಬಾಯಿಗೆ ಹಾಕಿಕೊಂಡರು.